ಘಾತಾಂಕದಲ್ಲಿ ಅಡಗಿದ ‘ಕ’ ಸಿಕ್ಕಿದ್ದು ಹೀಗೆ

ಲೆಕ್ಕ ಇದು: 8^(ಕ+1) ÷ 4^ಕ = 1/16. ಇಲ್ಲಿ ^ ಎಂದರೆ ಘಾತ.

8ನ್ನು 4ರಿಂದ ಭಾಗಿಸಿ 2 ಎಂದು ಬರೆಯುವ ಆಸೆ ಮೊದಲು ಬರುತ್ತದೆ. ಅದು ತಪ್ಪು, ಏಕೆಂದರೆ ಘಾತಾಂಕಗಳನ್ನು ಕಳೆಯುವ ನಿಯಮ ಆಧಾರಸಂಖ್ಯೆ ಒಂದೇ ಇದ್ದಾಗ ಮಾತ್ರ ನಡೆಯುತ್ತದೆ. ಹಾಗಾಗಿ ಎಲ್ಲವನ್ನೂ 2ಕ್ಕೆ ಇಳಿಸಿದೆ: 8 = 2^3, 4 = 2^2, 1/16 = 2^(−4). ಕೊನೆಯದರ ಋಣ ಚಿಹ್ನೆ ಬಿಟ್ಟುಹೋದರೆ ಉತ್ತರವೇ ಬೇರೆ.

ಈಗ ಎಡಬದಿ 2^(3ಕ+3) ÷ 2^(2ಕ). ಆವರಣವನ್ನು ದಯವಿಟ್ಟು ಬಿಡಬೇಡಿ. 3 ಇಡೀ (ಕ+1)ನ್ನು ಗುಣಿಸಬೇಕು; ಬಹಳಷ್ಟು ಉತ್ತರಪತ್ರಿಕೆಗಳಲ್ಲಿ 3ಕ+1 ಎಂದಾಗಿ ಲೆಕ್ಕ ಕೆಡುವುದು ಇಲ್ಲೇ. ಕಳೆದರೆ 2^(ಕ+3) = 2^(−4). ಆಧಾರ 2 ಆದ್ದರಿಂದ ಘಾತಾಂಕಗಳನ್ನು ಸಮ ಎನ್ನಬಹುದು (ಆಧಾರ 1 ಆಗಿದ್ದರೆ ಹಾಗೆನ್ನಲು ಬರುವುದಿಲ್ಲ, 1ರ ಯಾವ ಘಾತವೂ 1). ಕ+3 = −4, ಕ = −7.

ತಾಳೆ: 8^(−6) ÷ 4^(−7) = 2^(−18+14) = 2^(−4). ಸರಿ.

ನಡುವೆ ಕೂಡುವ ಚಿಹ್ನೆ ಇದ್ದರೆ ದಾರಿ ಬೇರೆ. 2^(ಕ+2) + 2^ಕ = 40ರಲ್ಲಿ ಘಾತಾಂಕಗಳನ್ನು ಕೂಡಬಾರದು; 2^ಕ ಅನ್ನು ಸಾಮಾನ್ಯ ಅಪವರ್ತನವಾಗಿ ಹೊರತೆಗೆಯಿರಿ. 2^ಕ × (2^2 + 1) = 2^ಕ × 5 = 40, ಅಂದರೆ 2^ಕ = 8, ಆದ್ದರಿಂದ ಕ = 3. 2^ಕ = 10ರಂಥದ್ದಕ್ಕೆ ಮಾತ್ರ ಲಾಗರಿದಮ್ (ಎಷ್ಟನೇ ಘಾತಕ್ಕೆ ಏರಿಸಿದರೆ ಆ ಸಂಖ್ಯೆ ಬರುತ್ತದೆ ಎಂದು ಹೇಳುವ ಲೆಕ್ಕ) ಬೇಕು; ಉತ್ತರ ಸುಮಾರು 3.32.