ಕಾಮಿಕ್ಸ್ ಪುಟದಿಂದ ಸ್ಟೋರಿಬೋರ್ಡ್‌ಗೆ: ಬೆಂಗಳೂರಿನಲ್ಲಿ ಸಿನಿಮಾ, ಜಾಹೀರಾತು ಕೆಲಸ ಹಿಡಿಯುವುದು ಹೇಗೆ

ಕಾಮಿಕ್ಸ್ ಬರೆಯುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. ಇದರಿಂದ ಹೊಟ್ಟೆ ತುಂಬುತ್ತದಾ ಮೇಡಂ? ಬರೀ ಕನ್ನಡ ಕಾಮಿಕ್ಸ್ ನಂಬಿಕೊಂಡರೆ ಕಷ್ಟ. ಆದರೆ ಕಾಮಿಕ್ಸ್‌ನಲ್ಲಿ ಪಳಗಿದ ಕೈಗೆ ಈ ಊರಿನಲ್ಲಿ ಸ್ಟೋರಿಬೋರ್ಡ್ ಕೆಲಸವಿದೆ, ಅಂದರೆ ಶೂಟಿಂಗ್‌ಗೆ ಮುಂಚೆ ದೃಶ್ಯವನ್ನು ಶಾಟ್ ಶಾಟಾಗಿ ಚೌಕಟ್ಟುಗಳಲ್ಲಿ ಬರೆದು ತೋರಿಸುವ ಕೆಲಸ. ಇಂದಿರಾನಗರ, ಕೋರಮಂಗಲದ ಆ್ಯಡ್ ಫಿಲ್ಮ್ ಆಫೀಸುಗಳಲ್ಲಿದೆ. ನಾಗರಬಾವಿ, ರಾಜರಾಜೇಶ್ವರಿನಗರದ ಬಾಡಿಗೆ ಮನೆಗಳಲ್ಲಿ ಕೂತು ಕಥೆ ಚರ್ಚೆ ಮಾಡುವ ಸಿನಿಮಾ ತಂಡಗಳಲ್ಲಿದೆ. ಗೇಮ್ ಸ್ಟುಡಿಯೋಗಳಲ್ಲೂ ಇದೆ. ನಾನು ಮಕ್ಕಳ ಪತ್ರಿಕೆಗಳಿಗೆ ಚಿತ್ರಕಥೆ ಬರೆಯುತ್ತಾ ಶುರು ಮಾಡಿದವಳು. ಈಗ ಮನೆ ಬಾಡಿಗೆಯಿಂದ ಹಿಡಿದು ಮಗಳ ಸ್ಕೂಲ್ ಫೀಸಿನವರೆಗೆ ಎಲ್ಲಾ ಸ್ಟೋರಿಬೋರ್ಡ್ ದುಡ್ಡಿನಲ್ಲೇ ನಡೆಯುತ್ತದೆ. ಹಾಗಾಗಿ ಗೊತ್ತಿರುವುದನ್ನು ಗೊತ್ತಿರುವ ಹಾಗೆ ಹೇಳುತ್ತೇನೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಿಸಿಕೊಳ್ಳಿ. ಸಿನಿಮಾದವರು ನಿಮ್ಮ ಹತ್ತಿರ ಕೊಳ್ಳುವುದು ತೀರ್ಮಾನಗಳನ್ನು. ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಎಷ್ಟು ಜನ ಜೂನಿಯರ್ ಆರ್ಟಿಸ್ಟ್ ಬೇಕು, ಸೆಟ್‌ನ ಯಾವ ಗೋಡೆ ಕಾಣುತ್ತದೆ, ಯಾವುದು ಕಾಣುವುದಿಲ್ಲ. ಕಾಣದ ಗೋಡೆಯನ್ನು ಕಟ್ಟಬೇಕಾಗಿಲ್ಲ, ಬಣ್ಣ ಹೊಡೆಸಬೇಕಾಗಿಲ್ಲ. ನಿಮ್ಮ ಪೆನ್ಸಿಲ್ ಗೆರೆ ಪ್ರೊಡ್ಯೂಸರ್‌ಗೆ ಹೀಗೆ ದುಡ್ಡು ಉಳಿಸುತ್ತದೆ. 1999ರ 'ದಿ ಮ್ಯಾಟ್ರಿಕ್ಸ್' ಚಿತ್ರಕ್ಕೆ ಸ್ಟೀವ್ ಸ್ಕ್ರೋಸ್ ಎಂಬ ಕಾಮಿಕ್ಸ್ ಕಲಾವಿದ ಸ್ಟೋರಿಬೋರ್ಡ್ ಬರೆದರು. ಕಾಗದದ ಮೇಲೆ ಓದಿದರೆ ತಲೆಬುಡ ತಿಳಿಯದ ಕಥೆ ಅದು. ಸ್ಟುಡಿಯೋದವರನ್ನು ಒಪ್ಪಿಸುವಾಗ ನಿರ್ದೇಶಕರ ಕೈಯಲ್ಲಿದ್ದದ್ದು ಆ ಚಿತ್ರಗಳು. 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಕಥೆ ಕಟ್ಟುವಾಗಲಂತೂ ಕಾಮಿಕ್ಸ್ ಕಲಾವಿದ ಬ್ರೆಂಡನ್ ಮೆಕಾರ್ಥಿ ಮೊದಲಿನಿಂದಲೂ ಜೊತೆಗಿದ್ದರು. ಮಾಮೂಲಿ ಸ್ಕ್ರಿಪ್ಟ್‌ಗಿಂತ ಮೊದಲೇ ಸುಮಾರು 3,500 ಚೌಕಟ್ಟುಗಳ ಬೋರ್ಡ್ ಸಿದ್ಧವಾಗಿತ್ತು.

ಈಗ ಕೆಲಸದ ಬಗೆಗಳು. ಏಜೆನ್ಸಿ ಬೋರ್ಡ್ ಎಂದರೆ ಜಾಹೀರಾತು ಕಂಪನಿ ತನ್ನ ಕ್ಲೈಂಟ್‌ಗೆ ತೋರಿಸುವುದು. ಬಣ್ಣ ಬೇಕು, ಮುಖದಲ್ಲಿ ನಗು ಬೇಕು, ಸೋಪಿನ ಪ್ಯಾಕೆಟ್ ನೀಟಾಗಿ ಕಾಣಬೇಕು. ಶೂಟಿಂಗ್ ಬೋರ್ಡ್ ನಿರ್ದೇಶಕರಿಗೆ ಮತ್ತು ಕ್ಯಾಮೆರಾಮನ್‌ಗೆ. ಕಪ್ಪು ಬಿಳುಪು ಸಾಕು, ಬೇಗ ಆಗಬೇಕು, ಕ್ಯಾಮೆರಾದಲ್ಲಿ ಆಗದ್ದನ್ನು ಬರೆದು ಸುಳ್ಳು ಹೇಳಬಾರದು. ಬೋರ್ಡ್‌ಗಳನ್ನು ಧ್ವನಿಯ ಜೊತೆ ಸಮಯಕ್ಕೆ ಸರಿಯಾಗಿ ಜೋಡಿಸಿದರೆ ಅನಿಮ್ಯಾಟಿಕ್. ಇವಲ್ಲದೆ ಪಾತ್ರಗಳ ವೇಷ, ಆಯುಧ, ಊರು, ಯಂತ್ರ ಬರೆಯುವ ಕಾನ್ಸೆಪ್ಟ್ ಆರ್ಟ್ ಬೇರೆ ಇದೆ. ಫ್ರೆಂಚ್ ಕಾಮಿಕ್ಸ್‌ನ ಮೋಬಿಯಸ್ 1979ರ 'ಏಲಿಯನ್'ಗೆ ಗಗನಯಾತ್ರಿಗಳ ಉಡುಪು ಬರೆದದ್ದು ಈ ಜಾತಿಯ ಕೆಲಸ. ನನ್ನ ಕೈಗೆ ಒಗ್ಗಿದ್ದು ಶೂಟಿಂಗ್ ಬೋರ್ಡ್. ಹಾಗಾಗಿ ಅದನ್ನೇ ಬಿಡಿಸಿ ಹೇಳುತ್ತೇನೆ.

ಒಂದು ದೃಶ್ಯ ತೆಗೆದುಕೊಳ್ಳೋಣ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್. ತಾಯಿ ಮಗು ಬಸ್ಸಿನಿಂದ ಇಳಿಯುತ್ತಾರೆ. ಚೀಲ ಜಾರುತ್ತದೆ, ತಾಯಿ ಕೈ ಬಿಡುತ್ತಾಳೆ. ತಿರುಗಿ ನೋಡಿದರೆ ಮಗು ಇಲ್ಲ.

ಕಾಮಿಕ್ಸ್‌ನಲ್ಲಿ ಇದನ್ನು ಹೇಗೆ ಬರೆಯುತ್ತೀರಿ? ಮೇಲೆ ಎರಡು ಸಣ್ಣ ಪ್ಯಾನೆಲ್, ಕೆಳಗೆ ಅರ್ಧ ಪುಟದ ದೊಡ್ಡ ಪ್ಯಾನೆಲ್. ಅದರಲ್ಲಿ ಜನಸಾಗರ, ನಡುವೆ ಕಿರುಚುವ ತಾಯಿ. ಪ್ಯಾನೆಲ್ ದೊಡ್ಡದಾದಷ್ಟೂ ಓದುಗರ ಎದೆ ಧಸಕ್ ಎನ್ನುತ್ತದೆ. ಪರದೆಯ ಮೇಲೆ ಈ ಅನುಕೂಲ ಇಲ್ಲ. ಚೌಕಟ್ಟು ಯಾವಾಗಲೂ ಒಂದೇ ಅಳತೆ. ಭಾರ ಬರಬೇಕಾದರೆ ಶಾಟ್‌ನ ದೂರ, ಅದು ನಿಲ್ಲುವ ಹೊತ್ತು, ಕ್ಯಾಮೆರಾದ ಚಲನೆ, ಇವುಗಳಿಂದಲೇ ಬರಬೇಕು.

ಒಂದನೇ ಶಾಟ್, ವೈಡ್, ಮೇಲಿನಿಂದ. ಬಸ್ಸುಗಳ ಸಾಲು, ಇಳಿಯುವ ಜನ, ತಾಯಿಯ ಸೀರೆ ಮಾತ್ರ ಬೇರೆ ಬಣ್ಣ. ಎರಡನೇ ಶಾಟ್, ಮಗುವಿನ ಎತ್ತರದಲ್ಲಿ ಕ್ಯಾಮೆರಾ, ಎರಡು ಕೈಗಳ ಕ್ಲೋಸ್. ಇಲ್ಲೇ ಕಾಮಿಕ್ಸ್‌ನವರು ಎಡವುವುದು. ನಾವು ಒಂದು ಪ್ಯಾನೆಲ್‌ನಲ್ಲಿ ಒಂದೇ ಕ್ಷಣ ಹಿಡಿಯುತ್ತೇವೆ. ಶಾಟ್‌ಗೆ ಶುರು ಇದೆ, ಕೊನೆ ಇದೆ. ಆದ್ದರಿಂದ ಎರಡು ಚೌಕಟ್ಟು ಬರೆಯಿರಿ. 2ಎ, ಕೈಯಲ್ಲಿ ಕೈ. 2ಬಿ, ತಾಯಿಯ ಕೈ ಚೀಲದ ಮೇಲೆ, ಮಗುವಿನ ಕೈ ಖಾಲಿ. ಮೂರನೇ ಶಾಟ್, ತಾಯಿಯ ಮಿಡ್ ಶಾಟ್ (ಸೊಂಟದಿಂದ ಮೇಲೆ), ಕ್ಯಾಮೆರಾ ಮುಖದ ಕಡೆಗೆ ಸರಿಯುತ್ತದೆ. ಚಿತ್ರ ಒಂದೇ ಬರೆದು, ಅದರೊಳಗೆ ಮುಖದ ಸುತ್ತ ಇನ್ನೊಂದು ಸಣ್ಣ ಚೌಕಟ್ಟು ಹಾಕಿ, ಮೂಲೆಗಳನ್ನು ಬಾಣದಿಂದ ಸೇರಿಸಿದರೆ ಕ್ಯಾಮೆರಾಮನ್‌ಗೆ ಅರ್ಥವಾಗುತ್ತದೆ. ನಾಲ್ಕನೆಯದು ಅವಳು ಕಂಡದ್ದು. ಖಾಲಿ ಜಾಗ, ಓಡಾಡುವ ಕಾಲುಗಳು. ಇದನ್ನು ನಾನು ಮೂರು ಸೆಕೆಂಡ್ ಎಂದು ಬರೆಯುತ್ತೇನೆ. ಐದನೇ ಶಾಟ್‌ನಲ್ಲಿ ಮಗು ದೂರದ ಕಂಬದ ಹತ್ತಿರ.

ಇಲ್ಲಿ ಒಂದು ಎಚ್ಚರ. ತಾಯಿ ಚೌಕಟ್ಟಿನ ಬಲಕ್ಕೆ ನೋಡುತ್ತಾ ಹುಡುಕುತ್ತಿದ್ದರೆ, ಮಗು ಅವಳನ್ನು ನೋಡುವಾಗ ಎಡಕ್ಕೆ ನೋಡಬೇಕು. ಇಬ್ಬರ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಲಿ. ದಾಟಿದರೆ ಇಬ್ಬರೂ ಒಂದೇ ಕಡೆ ನೋಡುತ್ತಿದ್ದಾರೆ ಅನಿಸುತ್ತದೆ. ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಗಳು ಓದುಗರ ಕಣ್ಣನ್ನು ಕೈ ಹಿಡಿದು ನಡೆಸುತ್ತವೆ, ಹಾಗಾಗಿ ಗೆರೆ ದಾಟಿದರೂ ನಡೆಯುತ್ತದೆ. ಪರದೆಯಲ್ಲಿ ಗುಳ್ಳೆ ಇಲ್ಲವಲ್ಲ. ಬಾಣಗಳಿಗೂ ಒಂದು ಶಿಸ್ತು ಇಟ್ಟುಕೊಳ್ಳಿ. ಪಾತ್ರ ನಡೆಯುವ ಬಾಣ ಚಿತ್ರದ ಒಳಗೆ, ಕ್ಯಾಮೆರಾ ಚಲಿಸುವ ಬಾಣ ದಪ್ಪಗೆ, ಚೌಕಟ್ಟಿನ ಅಂಚಿನಲ್ಲಿ.

ಪೆನ್ಸಿಲ್ ಎತ್ತುವ ಮುಂಚೆ ಅಳತೆ ಕೇಳಿ. ಥಿಯೇಟರ್‌ಗೆ ಸ್ಕೋಪ್ (ತೀರಾ ಅಗಲದ ಚೌಕಟ್ಟು) ಆದರೆ ಅಗಲಕ್ಕೂ ಎತ್ತರಕ್ಕೂ 2.39:1, ಇಲ್ಲವೇ 1.85:1. ಟಿವಿ, ಯೂಟ್ಯೂಬ್‌ಗೆ 16:9. ರೀಲ್ಸ್‌ಗೆ 9:16. ಸ್ಕೋಪ್‌ಗೆ ಬರೆದ ಮೆಜೆಸ್ಟಿಕ್ ದೃಶ್ಯವನ್ನು ರೀಲ್ಸ್ ಅಳತೆಗೆ ಕತ್ತರಿಸಿದರೆ ಜನಜಂಗುಳಿಯೇ ಮಾಯ. ಮತ್ತೆ ಹೊಸದಾಗಿ ಬರೆಯಬೇಕು, ಅದಕ್ಕೆ ಬೇರೆ ದುಡ್ಡು ಕೇಳಬೇಕು.

ಚರ್ಚೆಗೆ ಹೋದಾಗ ನಿರ್ದೇಶಕರು ಮಾತಾಡುತ್ತಿರುವಾಗಲೇ ಬೆಂಕಿಪೊಟ್ಟಣದಷ್ಟು ಸಣ್ಣ ಚಿತ್ರಗಳನ್ನು ಹಾಕುತ್ತಾ ಹೋಗಿ. ಮುಖ, ಬೆರಳು ಏನೂ ಬೇಡ. "ಹೀಗಾ ಸರ್?" ಎಂದು ಅಲ್ಲೇ ತೋರಿಸಿ. ಅಲ್ಲಿ ಒಪ್ಪಿದ್ದನ್ನು ಮಾತ್ರ ಮನೆಗೆ ಬಂದು ತಿದ್ದಿ ಬರೆಯಿರಿ. ಸಾಧ್ಯವಾದರೆ ಲೊಕೇಶನ್ ನೋಡಲು ಜೊತೆಗೆ ಹೋಗಿ. ಚಾಮರಾಜಪೇಟೆಯ ಹಳೇ ಮನೆಯ ಪಡಸಾಲೆಯಲ್ಲಿ ನಿಂತರೆ ತಾನೇ ಗೊತ್ತಾಗುವುದು, ಇಲ್ಲಿ ಕ್ಯಾಮೆರಾ ಸರಿಸುವ ಟ್ರ್ಯಾಕ್ ಹಾಕುವಷ್ಟು ಜಾಗ ಇಲ್ಲ, ಕಂಬ ಅಡ್ಡ ಬರುತ್ತದೆ ಎಂದು. ಈಗ ಕ್ಲೈಂಟ್‌ಗೆ ತೋರಿಸುವ ಚಿತ್ರಗಳನ್ನು ಕೆಲವರು ಎಐನಲ್ಲೇ ಮಾಡಿಕೊಳ್ಳುತ್ತಿದ್ದಾರೆ. ನಿಜ, ಆ ಕೆಲಸ ನನಗೂ ಕಡಿಮೆಯಾಗಿದೆ. ಆದರೆ ಆ ಪಡಸಾಲೆಯ ಕಂಬವನ್ನು ಲೆಕ್ಕಕ್ಕೆ ಹಿಡಿದು ಬರೆಯುವವರನ್ನು ಇನ್ನೂ ಹುಡುಕಿಕೊಂಡು ಬರುತ್ತಾರೆ.

ಸಾಮಾನಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಎ4 ಹಾಳೆ, ಪೆನ್ಸಿಲ್, ಫೋನ್ ಸ್ಕ್ಯಾನರ್ ಇದ್ದರೆ ಶುರು ಮಾಡಬಹುದು. ಸ್ಟೋರಿಬೋರ್ಡರ್, ಕ್ರೀಟಾ, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ಗಳು ಮೂರೂ ಉಚಿತ.

ಸ್ಯಾಂಪಲ್ ಹೇಗಿರಬೇಕು? ಮೈ ಉಬ್ಬಿಸಿ ನಿಂತ ಸೂಪರ್‌ಹೀರೋ ಚಿತ್ರಗಳನ್ನು ಕಳಿಸಬೇಡಿ. ಮೂರು ದೃಶ್ಯ ಸಾಕು. ಮೂವತ್ತು ಸೆಕೆಂಡಿನ ಒಂದು ಜಾಹೀರಾತು. ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಇಬ್ಬರು ಮಾತಾಡುವ ಒಂದು ದೃಶ್ಯ. ಒಂದು ಫೈಟ್ ಅಥವಾ ಚೇಸ್. ಇದರಲ್ಲಿ ಕಾಫಿ ದೃಶ್ಯವೇ ಕಷ್ಟದ್ದು, ಅನುಭವ ಇರುವವರು ಮೊದಲು ನೋಡುವುದೂ ಅದನ್ನೇ. ಪುಟಕ್ಕೆ ಆರು ಚೌಕಟ್ಟು, ಪ್ರತಿ ಪುಟದಲ್ಲೂ ನಿಮ್ಮ ಹೆಸರು, ನಂಬರ್. ಪಿಡಿಎಫ್ ಹಗುರವಾಗಿರಲಿ, ಎಲ್ಲರೂ ವಾಟ್ಸಾಪ್‌ನಲ್ಲೇ ತೆಗೆಯುವುದು. ಸಿನಿಮಾ ಆದರೆ ಅಸೋಸಿಯೇಟ್, ಅಸಿಸ್ಟೆಂಟ್ ಡೈರೆಕ್ಟರ್‌ಗಳಿಗೆ ಕಳಿಸಿ. ಇವತ್ತಿನ ಅಸಿಸ್ಟೆಂಟ್ ನಾಳೆ ಸ್ವಂತ ಸಿನಿಮಾ ಮಾಡುತ್ತಾರೆ, ಕಷ್ಟಕಾಲದಲ್ಲಿ ಜೊತೆಗೆ ಕೆಲಸ ಮಾಡಿದವರನ್ನು ಮರೆಯುವುದಿಲ್ಲ. ಜಾಹೀರಾತಾದರೆ ಪ್ರೊಡಕ್ಷನ್ ಹೌಸ್‌ನ ಪ್ರೊಡ್ಯೂಸರ್‌ಗೆ. ಬೆಂಗಳೂರು ಕಾಮಿಕ್ ಕಾನ್‌ನಲ್ಲಿ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನಿಮ್ಮ ಕೆಲಸ ಇಟ್ಟುಕೊಂಡು ಕೂರಿ. ಟ್ರಿನಿಟಿ ಹತ್ತಿರದ ಇಂಡಿಯನ್ ಕಾರ್ಟೂನ್ ಗ್ಯಾಲರಿಗೂ ಹೋಗಿ ಬನ್ನಿ, ಅಲ್ಲಿ ನಮ್ಮಂಥವರು ಸಿಗುತ್ತಾರೆ.

ಇನ್ನು ದುಡ್ಡು. ಚೌಕಟ್ಟಿಗೆ ಇಷ್ಟು ಅಥವಾ ದಿನಕ್ಕೆ ಇಷ್ಟು ಎಂದು ಮೊದಲೇ ಮಾತಾಡಿ. ಎರಡು ಸಲ ತಿದ್ದುಪಡಿ ಉಚಿತ, ಆಮೇಲೆ ಚಾರ್ಜ್ ಎಂದು ಇಮೇಲ್‌ನಲ್ಲಿ ಬರೆಯಿರಿ. ಅರ್ಧ ಅಡ್ವಾನ್ಸ್ ಕೇಳಿ, ನಾಚಿಕೆ ಬೇಡ. ಒಂದು ಕಂಪನಿ ನನ್ನ ಬಿಲ್ಲನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೂತಿತ್ತು. ಆಗ ಕೈ ಹಿಡಿದದ್ದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಹೆಸರು ನೋಂದಾಯಿಸುವುದು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಲ್ಲಿ ಉಚಿತವಾಗಿ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಮಾತನ್ನು ಬಿಲ್ಲಿನ ಕೆಳಗೆ, ಉದ್ಯಮ್ ನಂಬರ್ ಜೊತೆ ಬರೆಯಿರಿ. ಕಂಪನಿಗಳು ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ. ರಿಟರ್ನ್ಸ್ ಸಲ್ಲಿಸಿದರೆ, ತೆರಿಗೆ ಅಷ್ಟು ಬರದಿದ್ದಾಗ ಅದು ವಾಪಸ್ ಬರುತ್ತದೆ. ಎಷ್ಟೋ ಜನ ಆ ದುಡ್ಡನ್ನು ಹಾಗೇ ಬಿಟ್ಟುಬಿಡುತ್ತಾರೆ.

ಹಕ್ಕಿನ ವಿಷಯದಲ್ಲಿ ಗಟ್ಟಿಯಾಗಿರಿ. 1957ರ ಕಾಪಿರೈಟ್ ಕಾಯ್ದೆಯಂತೆ, ಸಂಬಳಕ್ಕೆ ಇದ್ದು ಬರೆದದ್ದು ಬೇರೆ ಒಪ್ಪಂದ ಇಲ್ಲದಿದ್ದರೆ ಕಂಪನಿಯದ್ದು. ದುಡ್ಡು ಕೊಟ್ಟು ಬರೆಸಿದ ಪೇಂಟಿಂಗ್ ಕೂಡ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರದ್ದೇ. ಹಕ್ಕು ಬರೆದುಕೊಡುವುದಾದರೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ ಐದು ವರ್ಷ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ನಿಮ್ಮ ಸ್ವಂತ ಕಾಮಿಕ್ಸ್‌ನ ಪಾತ್ರವನ್ನು ಬೇರೆಯವರ ಸಿನಿಮಾ ಚರ್ಚೆಯಲ್ಲಿ ಎಳೆದು ತರಬೇಡಿ. ಅವರಿಗೆ ಅದೇ ಬೇಕು ಅನಿಸಿದರೆ ಅದಕ್ಕೆ ಬೇರೆ ಒಪ್ಪಂದ, ಬೇರೆ ದುಡ್ಡು. ನನ್ನ ಪಾತ್ರಗಳು ಇವತ್ತಿಗೂ ನನ್ನ ಹತ್ತಿರವೇ ಇವೆ, ಭಾನುವಾರ ಬೆಳಿಗ್ಗೆ ಅವುಗಳ ಪುಟ ಬರೆಯುತ್ತೇನೆ.

ಬಿಡುಗಡೆಗೆ ಮುಂಚೆ ಒಂದು ಚೌಕಟ್ಟನ್ನೂ ಇನ್‌ಸ್ಟಾದಲ್ಲಿ ಹಾಕಬೇಡಿ. ಬಿಡುಗಡೆಯಾದ ಮೇಲೆ ಹಾಕಿಕೊಳ್ಳಬಹುದಾ ಎಂದು ಒಪ್ಪಂದದ ಹೊತ್ತಿಗೇ ಕೇಳಿ ಬರೆಸಿಕೊಳ್ಳಿ. ಟೈಟಲ್ ಕಾರ್ಡ್‌ನಲ್ಲಿ ನಿಮ್ಮ ಹೆಸರು ಬರುವ ವಿಷಯವನ್ನೂ ಅಲ್ಲೇ ಸೇರಿಸಿ. ಎಡಿಟಿಂಗ್ ಮುಗಿಯುವ ಹೊತ್ತಿಗೆ ಅಸೋಸಿಯೇಟ್‌ಗೆ ಒಂದು ಮೆಸೇಜ್ ಹಾಕಿ, ನಿಮ್ಮ ಹೆಸರನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸರಿಯಾದ ಕಾಗುಣಿತದಲ್ಲಿ ಕಳಿಸಿ. ಟೈಟಲ್ ಮಾಡುವವರು ಆ ಪಟ್ಟಿಯನ್ನು ರಾತ್ರೋರಾತ್ರಿ ಟೈಪ್ ಮಾಡುತ್ತಾರೆ, ಅವರ ಕೈಗೆ ಸಿಕ್ಕಿದ ಹೆಸರೇ ಪರದೆಯ ಮೇಲೆ ಬರುವುದು.