ಹಿರಿಯರು ಬಿಟ್ಟುಹೋದ ನಾಣ್ಯ: ಸ್ಥಿತಿ ನೋಡುವುದು ಹೇಗೆ?

ಹಳೇ ನಾಣ್ಯಗಳ ಡಬ್ಬಿ ಕೈಗೆ ಬಂದ ಕೂಡಲೇ ತೊಳೆದು ಫಳಫಳ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ಬೆಳ್ಳಿಯ ಮೇಲಿನ ಕಪ್ಪು ಎಷ್ಟೋ ಸಲ ಕೊಳೆಯೇ ಅಲ್ಲ, ಗಾಳಿಯಲ್ಲಿರುವ ಗಂಧಕದಿಂದ ನಿಧಾನಕ್ಕೆ ಕಟ್ಟಿದ ಪದರ. ಉಜ್ಜಿದರೆ ಅದರ ಜೊತೆ ಮೇಲ್ಮೈಯೂ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ.

ಮೊದಲು ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ. ಕೈ ತೊಳೆದು ಒರೆಸಿಕೊಳ್ಳಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ. ಬೆರಳಿನ ಬೆವರು ಲೋಹದ ಮೇಲೆ ಶಾಶ್ವತ ಗುರುತು ಬಿಡಬಲ್ಲದು. ಒಂದು ಟೇಬಲ್ ಲ್ಯಾಂಪು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸು ಇದ್ದರೆ ಸಾಕು.

ಈಗ ಉಬ್ಬಿದ ಜಾಗ ನೋಡಿ. ಸವೆತ ಶುರುವಾಗುವುದೇ ಅಲ್ಲಿಂದ. ಮುಖದ ಚಿತ್ರವಿದ್ದರೆ ಹುಬ್ಬು, ಕೆನ್ನೆ, ಕಿವಿಯ ಮೇಲಿನ ಕೂದಲು. ಕೂದಲಿನ ಎಳೆಗಳು ಬಿಡಿಬಿಡಿಯಾಗಿ ಕಾಣುತ್ತವೆಯೋ, ಒಂದಕ್ಕೊಂದು ಅಂಟಿ ಚಪ್ಪಟೆಯಾಗಿವೆಯೋ? ಇಲ್ಲೇ ಬಹಳ ಜನ ಎಡವುತ್ತಾರೆ. ಟಂಕಸಾಲೆಯಲ್ಲಿ ಅಚ್ಚು ಸರಿಯಾಗಿ ಒತ್ತದಿದ್ದರೂ ಆ ಜಾಗ ಮಸುಕಾಗಿಯೇ ಇರುತ್ತದೆ. ಎರಡನ್ನೂ ಬೇರೆ ಮಾಡುವುದು ಹೊಳಪು. ನಾಣ್ಯವನ್ನು ದೀಪದ ಕೆಳಗೆ ಮೆಲ್ಲಗೆ ವಾಲಿಸಿ. ಚಲಾವಣೆಗೆ ಹೋಗದ ನಾಣ್ಯದ ಮೇಲೆ ಬೆಳಕು ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತದೆ. ಆ ಬೆಳಕು ಉಬ್ಬಿನ ಮೇಲೂ ಕಡಿಯದೆ ಹರಿದರೆ ಅದು ಅಚ್ಚಿನ ದೋಷ. ಉಬ್ಬಿನ ಹತ್ತಿರ ಬಂದು ಸತ್ತುಹೋದರೆ ಸವೆತ.

ಆಮೇಲೆ ಹಾನಿ ಹುಡುಕಿ. ಒಂದೇ ದಿಕ್ಕಿಗೆ ಸಾಗುವ ಸಣ್ಣ ಗೀರುಗಳಿದ್ದರೆ ಯಾರೋ ಉಜ್ಜಿದ್ದಾರೆ. ಚಿತ್ರ, ಅಕ್ಷರ ಇಲ್ಲದ ಸಮತಟ್ಟು ಜಾಗವೆಲ್ಲ ಬೆಳ್ಳಗಿದ್ದು ಅಕ್ಷರಗಳ ಸಂದಿಯಲ್ಲಿ ಮಾತ್ರ ಕಪ್ಪು ಉಳಿದಿದ್ದರೂ ಅನುಮಾನಪಡಿ. ಅಂಚಿನಲ್ಲಿ ಬೆಸುಗೆಯ ಗುರುತಿದ್ದರೆ ಅದು ಒಂದು ಕಾಲಕ್ಕೆ ಒಡವೆಯಾಗಿತ್ತು ಅಂತ ಲೆಕ್ಕ.

ಹಸಿರು ಬಣ್ಣ ಕಂಡರೆ ಜಾಸ್ತಿ ಹುಷಾರು. ಅಂಟಂಟಾಗಿದ್ದರೆ ಅದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನ ಕೆಲಸ ಇರಬಹುದು, ಕವರು ಬದಲಿಸಿ. ತಾಮ್ರ, ಕಂಚಿನ ಮೇಲೆ ತಿಳಿ ಹಸಿರು ಪುಡಿ ಎದ್ದಿದ್ದರೆ ಅದು ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ಆ ನಾಣ್ಯವನ್ನು ಒಣ ಜಾಗದಲ್ಲಿ ಬೇರೆಯೇ ಇಟ್ಟು, ಗೊತ್ತಿರುವವರಿಗೆ ತೋರಿಸಿ.

ಕೊನೆಗೆ ದರ್ಜೆ. ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್ (ಚಲಾವಣೆಗೆ ಹೋಗದ್ದು) ಅಂತ ಕೆಳಗಿನಿಂದ ಮೇಲಕ್ಕೆ ಹೋಗುತ್ತವೆ. ಗುಡ್ ದರ್ಜೆಯ ನಾಣ್ಯದಲ್ಲಿ ಚಿತ್ರದ ಹೊರಗೆರೆಗಿಂತ ಹೆಚ್ಚೇನೂ ಉಳಿದಿರುವುದಿಲ್ಲ. 1ರಿಂದ 70ರವರೆಗಿನ ಅಂಕಗಳೂ ಇವೆ. 1949ರಲ್ಲಿ ನಾಣ್ಯ ತಜ್ಞ ವಿಲಿಯಂ ಶೆಲ್ಡನ್ ಅಮೆರಿಕದ ಹಳೇ ತಾಮ್ರದ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ಮಾಡಿದ ಅಳತೆ ಇದು. ಇದರಲ್ಲಿ 60 ಅಥವಾ ಅದಕ್ಕಿಂತ ಮೇಲಿದ್ದರೆ ಸವೆತವೇ ಇಲ್ಲ ಎಂದರ್ಥ. ಮನೆಯಲ್ಲಿ ಕೂತು ಅಂಕ ಹಾಕುವ ಗೋಜಿಗೆ ಹೋಗಬೇಡಿ, ದರ್ಜೆಯೇ ಸಾಕು. ಎರಡೂ ಮುಖಕ್ಕೆ ಬೇರೆ ಬೇರೆ ದರ್ಜೆ ಬರೆದುಕೊಳ್ಳಿ. ಎರಡು ದರ್ಜೆಗಳ ನಡುವೆ ತೂಗಾಡುವಂತಾದರೆ ಕೆಳಗಿನದನ್ನೇ ಹಾಕಿ. ಹಾಗೇ, ಡಬ್ಬಿಯಲ್ಲಿರುವ ಹಳೇ ಚೀಟಿ, ಲಕೋಟೆಗಳನ್ನು ಸುಮ್ನೆ ಎಸೆಯಬೇಡಿ. ನಾಣ್ಯ ಎಲ್ಲಿಂದ, ಯಾವಾಗ ಬಂತು ಎಂಬ ವಿವರ ಅದರಲ್ಲೇ ಇರಬಹುದು.