ಬಾವಿ ನೀರು ಕೆಟ್ಟಿದೆಯೇ? ಸ್ಯಾಂಪಲ್ ತೆಗೆಯುವುದು ಹೀಗೆ

ಮಂಗಳೂರಿನ ಕಾರ್ಖಾನೆಗಳಿರುವ ಬೈಕಂಪಾಡಿ, ಜೋಕಟ್ಟೆ ಕಡೆ ಹೋದಾಗ ಈ ಮಾತು ಕೇಳಿದ್ದೇನೆ: "ಬಾವಿ ನೀರು ವಾಸನೆ ಬರ್ತದೆ ಮಾರಾಯ್ರೆ, ದೂರು ಕೊಟ್ಟರೂ ಏನೂ ಆಗ್ಲಿಲ್ಲ." ದೂರಿನ ಜೊತೆ ಏನು ಕೊಟ್ಟಿರಿ ಎಂದರೆ, ಹಳೇ ಜ್ಯೂಸ್ ಬಾಟಲಿಯಲ್ಲಿ ತುಂಬಿಸಿಟ್ಟ ನೀರು ತೋರಿಸುತ್ತಾರೆ. ಮೂರು ದಿನ ಕಿಟಕಿಯ ಬಿಸಿಲಲ್ಲಿದ್ದ ಬಾಟಲಿ. ನೋಡಿ ಹೊಟ್ಟೆ ಉರಿಯುತ್ತದೆ. ಅವರ ಕಷ್ಟ ನಿಜ, ಸಾಕ್ಷಿ ಮಾತ್ರ ಹಾಳಾಗಿರುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ತಾರೀಕು, ಹೊತ್ತು, ನೀರಿನ ಬಣ್ಣ, ವಾಸನೆ, ಹಿಂದಿನ ದಿನ ಮಳೆ ಬಂದಿತ್ತಾ ಎಂಬುದನ್ನು ಬರೆಯಿರಿ.

ಆಮೇಲೆ ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗೆ ಫೋನ್ ಮಾಡಿ, ಬಾಟಲಿಗಳನ್ನೂ ಅವರಿಂದಲೇ ತನ್ನಿ.

ಇನ್ನು ಎಲ್ಲರೂ ಎಡವುವ ಜಾಗ, ನೀರು ತುಂಬಿಸುವುದು. ಮಾಮೂಲಿ ರಾಸಾಯನಿಕ ಪರೀಕ್ಷೆಗೆ ಎರಡು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ಸಾಕು. ಅದೇ ಬಾವಿಯ ನೀರಲ್ಲಿ ಮೂರು ಸಲ ತೊಳೆದು ಬಾಯಿವರೆಗೆ ತುಂಬಿಸಿ. ಸೋಪು ಮುಟ್ಟಿಸಬೇಡಿ. ಎಣ್ಣೆ ಅಂಶದ ಪರೀಕ್ಷೆಗೆ ಅಗಲ ಬಾಯಿಯ ಗಾಜಿನ ಬಾಟಲಿಯೇ ಬೇಕು, ಅದನ್ನು ಆ ನೀರಲ್ಲಿ ತೊಳೆಯಲೇಬಾರದು. ಎಣ್ಣೆ ಗಾಜಿಗೆ ಅಂಟಿಕೊಳ್ಳುತ್ತದೆ, ತೊಳೆದು ಮತ್ತೆ ತುಂಬಿಸಿದರೆ ಲೆಕ್ಕ ತಪ್ಪುತ್ತದೆ. ಸೀಸ, ಕ್ಯಾಡ್ಮಿಯಂ ನೋಡುವ ಬಾಟಲಿಗೆ ನೈಟ್ರಿಕ್ ಆಸಿಡ್ ಹಾಕಿ ಕೊಟ್ಟಿದ್ದರೆ ಅದನ್ನೂ ತೊಳೆಯಬೇಡಿ, ತುಂಬಿ ಹೊರಚೆಲ್ಲಲು ಬಿಡಬೇಡಿ, ಕೈಗೆ ತಾಗಿಸಿಕೊಳ್ಳಬೇಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಸ್ಟೆರೈಲ್, ಅಂದರೆ ಕ್ರಿಮಿ ಇಲ್ಲದಂತೆ ಮಾಡಿದ ಬಾಟಲಿ. ಮುಚ್ಚಳದ ಒಳಗೆ ಬೆರಳು ತಾಗಬಾರದು, ಮೇಲೆ ಸ್ವಲ್ಪ ಜಾಗ ಬಿಡಬೇಕು. ಹಿಂದಿನ ದಿನ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಈ ಪರೀಕ್ಷೆ ದಂಡ. ಎಲ್ಲದರ ಮೇಲೂ ಜಾಗ, ತಾರೀಕು, ಹೊತ್ತು ಬರೆದು, ಐಸ್ ಹಾಕಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಅದೇ ದಿನ ತಲುಪಿಸಿ. ಪೆಟ್ಟಿಗೆ ಹೊಸದಿರಲಿ. ಮೀನಿನ ಪೆಟ್ಟಿಗೆ ಖಂಡಿತ ಬೇಡ.

ಒಂದೇ ಬಾವಿಯ ನೀರು ಸಾಲದು. ಕಾರ್ಖಾನೆ ಅಥವಾ ಕಸದ ರಾಶಿಯಿಂದ ದೂರ, ಎತ್ತರದಲ್ಲಿರುವ ಇನ್ನೊಂದು ಬಾವಿಯಿಂದಲೂ ಅದೇ ದಿನ, ಅದೇ ರೀತಿ ತೆಗೆಯಿರಿ. ನಮ್ಮ ಮುರಕಲ್ಲಿನಲ್ಲಿ ಕಬ್ಬಿಣ ಸಹಜವಾಗಿಯೇ ಇದೆ, ನೀರು ಕೆಂಪಾಗುವುದು ಅದರಿಂದಲೂ ಇರಬಹುದು. ಬೇಸಿಗೆಯಲ್ಲಿ ಫಲ್ಗುಣಿ ನದಿ ದಡದ ಬಾವಿ ಉಪ್ಪಾಗುವುದು ಸಮುದ್ರದ ನೀರಿನಿಂದಲೂ ಇರಬಹುದು. ನೀವು ಯಾರ ಮೇಲೆ ದೂರು ಕೊಡುತ್ತೀರೋ ಅವರು ಇದನ್ನೇ ಹೇಳುತ್ತಾರೆ. ಎರಡು ರಿಪೋರ್ಟ್ ಪಕ್ಕಪಕ್ಕ ಇದ್ದರೆ ಉತ್ತರ ನಿಮ್ಮ ಕೈಯಲ್ಲಿರುತ್ತದೆ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜರಿದು ಪಕ್ಕದ ಮಂದಾರ ಎಂಬ ಊರಿನ ತೋಟಗಳ ಮೇಲೆ ಬಂದದ್ದು ನೆನಪಿದೆ ಅಲ್ವಾ? ಮಳೆ ಏನೇನನ್ನು ಎಳೆದು ತರುತ್ತದೆ ಎಂದು ಆಗ ಕಂಡೆವು. ಹಾಗಾಗಿ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಪರೀಕ್ಷಿಸಿ.

ಆನ್‌ಲೈನಿನಲ್ಲಿ ಸಿಗುವ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಕರಗಿದ ಲವಣದ ಅಂದಾಜು ಕೊಡುತ್ತದೆ ಅಷ್ಟೇ. ಎಣ್ಣೆ, ಕೀಟನಾಶಕ, ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಫಿಲ್ಟರ್ ಮಾರಲು ಬಂದವರು ನೀರಿಗೆ ಕಂಬಿ ಇಳಿಸಿ, ಕರೆಂಟ್ ಕೊಟ್ಟು ಕಂದು ಬಣ್ಣ ತೋರಿಸಿದರೆ ಹೆದರಬೇಡಿ. ಆ ಬಣ್ಣ ಕಬ್ಬಿಣದ ಕಂಬಿಯದೇ.

ರಿಪೋರ್ಟ್ ಬಂದ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದೇ ಪುಟದ ದೂರು ಬರೆಯಿರಿ. "ಕ್ರಮ ಕೈಗೊಳ್ಳಿ" ಎಂದು ಸುಮ್ನೆ ಬರೆದರೆ ಸಾಲದು. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಂಡಳಿಯ ಅಧಿಕಾರಿಗಳೇ ಬಂದು ಸ್ಯಾಂಪಲ್ ತೆಗೆಯಬೇಕು ಎಂದು ಕೇಳಿ. ಕಾರ್ಖಾನೆ ಬಿಡುವ ನೀರಿನ ವಿಷಯದಲ್ಲಿ ಕೋರ್ಟಿಗೆ ಬೇಕಾಗುವುದು ಅಧಿಕಾರಿಗಳು ನೋಟಿಸ್ ಕೊಟ್ಟು, ಸೀಲ್ ಮಾಡಿ ತೆಗೆದ ಸ್ಯಾಂಪಲ್. ನಿಮ್ಮ ರಿಪೋರ್ಟ್ ಅವರನ್ನು ಅಲ್ಲಿಗೆ ಕರೆತರಲು. ನಿಮ್ಮ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.

ಉತ್ತರ ಬರದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 150 ಪದದೊಳಗೆ, ಒಂದೇ ವಿಷಯ. ತಪಾಸಣೆ ವರದಿಯ ಪ್ರತಿ ಕೇಳಿ. ಅವರು 30 ದಿನದಲ್ಲಿ ಉತ್ತರಿಸಬೇಕು.

ಅದೂ ಆಗದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ನಮಗೆ ಬರುವುದು ಚೆನ್ನೈ ಪೀಠ. ತೊಂದರೆ ಮೊದಲು ಶುರುವಾದಾಗಿನಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಸಕಾರಣ ಇದ್ದರೆ ಮತ್ತೆ 60 ದಿನ ಸಿಗಬಹುದು. ಆ ದಿನ ಯಾವುದು ಎಂದು ವಕೀಲರು ಮೊದಲು ಕೇಳುವುದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾರೀಕು ಸರಿಯಾಗಿರಲಿ.